ಮಂತ್ರಿಯ ಹಾಸಿಗೆಗೆ ಉಣ್ಣೆ

ಒಂದು ರಾಜ್ಯವಿತ್ತು. ಅದಕ್ಕೊಬ್ಬ ರಾಜನಿದ್ದ. ಇದ್ದ, ಅಷ್ಟೆ. ಆಳುತ್ತಿದ್ದವನು ಮಂತ್ರಿ ಗಜದಂತ. ಬಹಳ ಓದಿದವನು, ಹಾಗಂತ ಅವನೇ ಹೇಳುತ್ತಿದ್ದ.

ಅದೇ ರಾಜ್ಯದ ಕುರಿಹಟ್ಟಿಯಲ್ಲಿ ಈರಬೊಮ್ಮವ್ವ ಎಂಬ ಅಜ್ಜಿಯಿದ್ದಳು. ಮಕ್ಕಳ ತಲೆಯ ಹೇನು ಹೆಕ್ಕುವುದು, ದನಕುರಿಗಳ ಮೈಗೆ ಕಚ್ಚಿದ ಹುಳು ಕೀಳುವುದು ಅವಳ ಕೆಲಸ. ಕುರಿಗಾರರು ಅದಕ್ಕೆ ಹಿಡಿ ಹಿಡಿ ತುಪ್ಪಟ ಕೊಡುತ್ತಿದ್ದರು. ಕುರಿಯ ಕೂದಲಿಗೆ ಹಟ್ಟಿಯವರ ಹೆಸರು ಅದು. ಮೂರು ವರ್ಷಕ್ಕೆ ಒಂದು ಕಂಬಳಿಗಾಗುವಷ್ಟು ಕೂಡಿತ್ತು. ಮೊಮ್ಮಗಳು ಸಿರಿಯವ್ವ ತುಂಬು ಬಸುರಿ. ಚಳಿಗಾಲ ಬಾಗಿಲಿಗೆ ಬಂದಿತ್ತು.

ಮಂತ್ರಿಗೂ ಚಳಿಯಾಯಿತು. ಓಲೆ ಬರೆದು ಡಂಗುರ ಹೊಡೆಸಿದ: “ಯಾವ ಪ್ರಾಣಿಯ ಮೈಮೇಲೆ ಉಣ್ಣೆ ಕಂಡರೂ ಕಿತ್ತು ತಂದು ನನ್ನ ಹಾಸಿಗೆಗೆ ತುಂಬತಕ್ಕದ್ದು. ತಪ್ಪಿದವರಿಗೆ ಸೆರೆಮನೆ.”

“ಅಜ್ಜೀ, ಕಂಬಳಿ ಹೋಯ್ತಲ್ಲೇ!” ಅಂದಳು ಸಿರಿಯವ್ವ.

“ಯಾಕೆ ಹೋಗುತ್ತೆ? ತುಪ್ಪಟ ಅಂತ ಸಾರಿದ್ನಾ? ತುಪ್ಪಟ ಕತ್ತರಿಸೋದು ಕಣೇ. ಕೀಳೋದು ಯಾವುದು ಹೇಳು?”

ಸಿರಿಯವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಟ್ಟಿಯಲ್ಲಿ ಉಣ್ಣೆ ಅಂದರೆ ಒಂದೇ ಅರ್ಥ: ದನಕುರಿಗಳ ರಕ್ತ ಹೀರುವ ಹುಳು.

ಅಜ್ಜಿ ಕುರಿಯ ಹತ್ತಿರ ಹೋದಳು. “ಉಣ್ಣೆ ಕೊಡ್ತೀಯಾ?”

“ಕಿವಿ ಹಿಂದಿದೆ. ಪೂರ್ತಿ ತಗೋ ಅಜ್ಜಿ.”

ನಾಯಿಯ ಹತ್ತಿರ ಹೋದಳು. “ಉಣ್ಣೆ ಕೊಡ್ತೀಯಾ?”

“ಬಾಲದ ಬುಡ ಮರೀಬೇಡ.”

ಎಮ್ಮೆಯ ಹತ್ತಿರ ಹೋದಳು. ಅವಳು ಕೇಳುವ ಮೊದಲೇ ಎಮ್ಮೆ ಅಡ್ಡಡ್ಡ ಮಲಗಿತು. “ಇಂಥ ಮಂತ್ರಿ ನೂರು ವರ್ಷ ಬಾಳಲಿ” ಅಂದಿತು.

ಮೂರು ಗಡಿಗೆ ತುಂಬಿದವು. ಅಜ್ಜಿ ಗಡಿಗೆಗಳ ಬಾಯಿಗೆ ಬಟ್ಟೆ ಕಟ್ಟಿ ಮಂತ್ರಿಯ ಮನೆಗೆ ಹೊತ್ತು ತಂದಳು. ಮಂತ್ರಿ ಬಿಚ್ಚಿ ನೋಡಲಿಲ್ಲ. ದೊಡ್ಡವರು ನೋಡುವುದಿಲ್ಲ.

“ಹಾಸಿಗೆಗೆ ಸುರಿ” ಅಂದ. ಸುರಿದಳು. ಮಧ್ಯಾಹ್ನ ಉಂಡು ಅದರ ಮೇಲೆ ಮಲಗಿದ.

ಸಂಜೆಯೊಳಗೆ ಮಂತ್ರಿ ಅಜ್ಜಿಯನ್ನು ಹಿಡಿದು ತರಿಸಿ ರಾಜನ ಮುಂದೆ ಕುಣಿಯುತ್ತಿದ್ದ. “ಪ್ರಭೂ, ಈ ಮುದುಕಿ ರಾಜದ್ರೋಹಿ!”

“ಬುದ್ಧೀ, ಅವರ ಓಲೆ ಒಂದ್ಸಲ ಓದಿ” ಅಂದಳು ಅಜ್ಜಿ.

ರಾಜ ಓದಿದ. ಇನ್ನೊಮ್ಮೆ ಓದಿದ. ಮೂರನೇ ಸಲಕ್ಕೆ ಕಿರೀಟ ಬೀಳುವಂತೆ ನಕ್ಕ.

“ಯಾವ ಪ್ರಾಣಿಯದಾದರೂ ಸರಿ ಅಂತ ಬರೆದವರು ನೀವು. ಕೀಳಬೇಕು ಅಂತ ಬರೆದವರೂ ನೀವು. ಎಮ್ಮೆ ಮೈಮೇಲೆ ಇನ್ನೆಂಥ ಉಣ್ಣೆ ಬೆಳೆಯುತ್ತೆ, ಮಂತ್ರಿಗಳೇ?” ಅಂದ ರಾಜ.

“ಮೊದಲು ಇವನ್ನ ಯಾರಾದರೂ ಕೀಳಿ!” ಮಂತ್ರಿ ಗೋಳಾಡಿದ.

ಕೀಳಬಲ್ಲವಳು ಅಲ್ಲಿ ಒಬ್ಬಳೇ. “ಓಲೆ ಹರೀರಿ. ಆಮೇಲೆ ಕೂರಿ” ಅಂದಳು.

ಹರಿದ. ಕೂತ.

“ಅಲುಗಾಡಬೇಡ್ರೀ. ನಮ್ಮ ಎಮ್ಮೇನೇ ವಾಸಿ.” ಕಾಲುಗಂಟೆ ಕಳೆಯಿತು. ಅಜ್ಜಿ ಅವನ ತಲೆಯನ್ನು ಬೆಳಕಿಗೆ ಬಗ್ಗಿಸಿ ನೋಡಿದಳು. “ಇಲ್ಲಿ ಹೇನೂ ಇದಾವೆ. ಇವು ನಾನು ತಂದವಲ್ಲ ಸ್ವಾಮಿ, ನಿಮ್ಮವೇ.”

ಆ ಚಳಿಗೆ ಕಂಬಳಿ ಸಿದ್ಧವಾಯಿತು. ಸಿರಿಯವ್ವನ ಕೂಸು ಅದರಲ್ಲಿ ಬೆಚ್ಚಗೆ ಮಲಗಿತು.

ಇದರ ನೀತಿ ಇಷ್ಟು: ಬಡವರ ಕಂಬಳಿಗೆ ಕೈ ಹಾಕಬಾರದು. ಹಾಕಿಯೇ ತೀರುವವರು ಕಡೇಪಕ್ಷ ಅವರ ಮಾತನ್ನಾದರೂ ಕಲಿತಿರಬೇಕು.