ಇಳಿಹೊರೆ ದಿಣ್ಣೆಯ ಉಪ್ಪಿನ ಶಿಲುಬೆ

ಗಾಡಿಯ ಚಕ್ರಗಳು ಈ ಸೀಮೆಯ ಮಣ್ಣನ್ನು ಇನ್ನೂ ಮುಟ್ಟದಿದ್ದ, ಲೋಕದ ಸಮಸ್ತ ಭಾರವೂ ಮನುಷ್ಯರ ತಲೆಯ ಮೇಲೆಯೇ ಸಂಚರಿಸುತ್ತಿದ್ದ ಪುರಾತನ ಕಾಲದಲ್ಲಿ, ಇಂದು ಯಾತ್ರಿಕ ಮಹಾಜನರು ಏರಿ ಬಂದು ಉಸಿರು ಸುಧಾರಿಸಿಕೊಳ್ಳುವ ಈ ಪುಣ್ಯದಿಣ್ಣೆಯು ಕಾರೆಮುಳ್ಳು, ಕತ್ತಾಳೆ ಮತ್ತು ಓತಿಕ್ಯಾತಗಳ ಹೊರತು ಬೇರಾರೂ ಬಯಸದ ಬಂಜರು ನೆಲವಾಗಿತ್ತು. ಇದರ ಪೂರ್ವಕ್ಕೆ ಎರಡು ಹರದಾರಿ ದೂರದಲ್ಲಿ, ಸೌಳುಮಣ್ಣನ್ನು ನೀರಿನಲ್ಲಿ ಕದಡಿ ತಿಳಿಯನ್ನು ಬಿಸಿಲಿಗೊಡ್ಡಿ ಉಪ್ಪು ತೆಗೆಯುವವರ ಸೌಳುಮೋಳೆ ಎಂಬ ಗ್ರಾಮವಿತ್ತು. ಪಶ್ಚಿಮಕ್ಕೆ ಒಂದು ಹರದಾರಿ ದೂರದಲ್ಲಿ ಆ ಉಪ್ಪಿಗೆ ಗಿರಾಕಿ ದೊರೆಯುವ ಸಂತೆಯಿತ್ತು. ಸೌಳುಮೋಳೆಯ ಹತ್ತಾರು ಮನೆಗಳವರು ತಾತಂದಿರ ಕಾಲದಲ್ಲಿಯೇ ಜ್ಞಾನಸ್ನಾನ ಪಡೆದು ಕ್ರಿಸ್ತಪ್ರಭುವಿನ ಭಕ್ತರಾಗಿದ್ದರೂ, ಗುರುಗಳು ವರ್ಷಕ್ಕೊಮ್ಮೆ ಮಾತ್ರ ಕುದುರೆಯೇರಿ ಬಂದು ಹೋಗುತ್ತಿದ್ದ ಕಾರಣ, ಭಕ್ತಿಯು ಬಹುಮಟ್ಟಿಗೆ ಹೆಸರುಗಳಲ್ಲಿಯೂ ಕ್ರಿಸ್ಮಸ್ಸಿನ ಕಜ್ಜಾಯದಲ್ಲಿಯೂ ನೆಲೆಸಿತ್ತು. ಇದನ್ನು ದೂರೆಂದು ಬರೆಯುತ್ತಿಲ್ಲ, ಇದ್ದದ್ದು ಹಾಗೆ.

ಆ ಗ್ರಾಮದಲ್ಲಿ ಆರೋಗ್ಯಮ್ಮನೆಂಬ ವಿಧವೆ ಇದ್ದಳು. ಗಂಡಸರು ಹೊರುವಷ್ಟೇ ಉಪ್ಪನ್ನು ಹೊತ್ತು ಗಂಡಸರಿಗಿಂತ ಮುಂಚೆ ಸಂತೆ ಸೇರುತ್ತಿದ್ದ ಗಟ್ಟಿಗಿತ್ತಿ. ಅವಳಿಗೆ ಇದ್ದದ್ದು ಒಬ್ಬಳೇ ಮಗಳು, ಮದಲೇನಿ. ತಾಯಿ ಹೊರೆ ಹೊತ್ತು ಮುಂದೆ ನಡೆದರೆ ಹಿಂದಿನಿಂದ ಅವಳ ನಡಿಗೆಯನ್ನೇ ಅಣಕಿಸುತ್ತಾ ಬಂದು ದಾರಿಹೋಕರನ್ನೆಲ್ಲ ನಗಿಸುತ್ತಿದ್ದ ಆ ಹುಡುಗಿ, ಮದುವೆಯಾದ ಮರುವರ್ಷ ತುಂಬಿದ ಬಸುರಿಯಾಗಿ ತವರಿಗೆ ಬಂದು, ಎರಡು ದಿನ ನೋವು ತಿಂದು, ಹೆರಲಾರದೆ ತೀರಿಕೊಂಡಳು. ಮಗುವೂ ಒಡಲಿನಲ್ಲಿಯೇ ಉಳಿಯಿತು.

ತುಂಬಿದ ಬಸುರಿ ಹೆರದೆ ಸತ್ತರೆ ಅವಳ ಹೊರೆ ಇಳಿಯಲಿಲ್ಲವೆಂದೂ, ಇಳಿಯದ ಹೊರೆಯನ್ನು ಹೊತ್ತು ಅವಳ ಜೀವ ದಾರಿದಾರಿಯಲ್ಲಿ ಅಲೆಯುವುದೆಂದೂ ಅಂದಿನ ಜನರ ದೃಢವಾದ ನಂಬಿಕೆ. ಆದ್ದರಿಂದಲೇ ಅಂಥವಳ ಗಂಡನು ದಾರಿಯ ಪಕ್ಕದಲ್ಲಿ ಎರಡು ಕಲ್ಲುಕಂಬ ನೆಟ್ಟು, ಆಳುದ್ದದ ಎತ್ತರದಲ್ಲಿ ಮೇಲೊಂದು ಚಪ್ಪಡಿಯನ್ನು ಹೊದಿಸಿ ಹೊರೆಗಲ್ಲು ನಿಲ್ಲಿಸುತ್ತಿದ್ದನು. ತಲೆಯ ಮೇಲಿನ ಹೊರೆಯನ್ನು ಹೊತ್ತವರು ತಾವೇ ಇಳಿಸಲಾರರು, ಇಳಿಸಿದರೂ ತಾವೇ ಎತ್ತಲಾರರು. ಇನ್ನೊಬ್ಬರ ಕೈ ಬೇಕು. ಆ ಕೈ ಇಲ್ಲದ ದಾರಿಯಲ್ಲಿ ಹೊರೆಗಲ್ಲೇ ಕೈ. ದಾರಿಹೋಕರು ಅಲ್ಲಿ ಭಾರವನ್ನು ಜಾರಿಸಿ ದಣಿವಾರಿಸಿಕೊಂಡಾಗಲೆಲ್ಲ ಸತ್ತವಳ ಹೊರೆಯೂ ಅಷ್ಟಷ್ಟು ಇಳಿಯುವುದೆಂದು ಹೇಳುತ್ತಿದ್ದರು. ಆದರೆ ಮದಲೇನಿಯ ಗಂಡ ಮೂರೇ ತಿಂಗಳಲ್ಲಿ ಬೇರೆ ಮದುವೆಯಾಗಿ ದೂರದ ಸೀಮೆಗೆ ಹೊರಟುಹೋದನು, ಕಲ್ಲು ನಿಲ್ಲಲಿಲ್ಲ.

ಅಂದು ಆರೋಗ್ಯಮ್ಮ ಯಾರಿಗೂ ಹೇಳದೆ ಒಂದು ವ್ರತ ಹಿಡಿದಳು. ಮಗಳು ಇಳಿಸದ ಹೊರೆಯನ್ನು ತಾನೂ ದಾರಿಯಲ್ಲಿ ಇಳಿಸಬಾರದು. ಮಗಳ ಸೀರೆಯನ್ನೇ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಉಪ್ಪಿನ ಮೂಟೆಯನ್ನು ಹೊತ್ತು, ಮೂರು ಹರದಾರಿಯ ದಾರಿಯಲ್ಲಿ ಎರಡು ಹೊರೆಗಲ್ಲುಗಳನ್ನು ಕಂಡೂ ಕಾಣದವಳಂತೆ ದಾಟಿ ಹೋಗುತ್ತಿದ್ದಳು. ಜೊತೆಯ ಹೆಂಗಸರು ಮೊದಲು ಬುದ್ಧಿ ಹೇಳಿದರು, ಆಮೇಲೆ ಬೈದರು, ಕೊನೆಗೆ ಸುಮ್ಮನಾದರು. ಏಳು ತಿಂಗಳಲ್ಲಿ ಅವಳ ಕತ್ತು ಒಂದು ಕಡೆಗೆ ವಾಲಿತು, ಕೈಬೆರಳುಗಳು ಜೋಮು ಹಿಡಿದವು. ಅದಕ್ಕಿಂತ ಕ್ರೂರವಾದದ್ದೆಂದರೆ, ಮಗಳನ್ನು ನೆನೆದರೆ ಅವಳ ಮುಖವೇ ಕಣ್ಣಿಗೆ ಬರುತ್ತಿರಲಿಲ್ಲ; ಬರೀ ಆ ಹೊಟ್ಟೆ ಕಾಣುತ್ತಿತ್ತು. ಆ ಮಹಾತಾಯಿಯ ಸಂಕಟ ಹಗೆಗೂ ಬೇಡ.

ಹೀಗಿರಲು, ಬೇಸಿಗೆಯ ಒಂದು ಸಂತೆಯ ದಿನ, ಹಳ್ಳದ ದಡದ ಹೊಂಗೆಮರದ ಕೆಳಗೆ ಉಪದೇಶಿ ಇನ್ನಾಸಪ್ಪನು ಜನರನ್ನು ಕೂರಿಸಿಕೊಂಡು ಬೋಧನೆ ಮಾಡುತ್ತಿದ್ದನು. ಗುರುಗಳು ಇಲ್ಲದ ದಿನಗಳಲ್ಲಿ ಜಪ ಹೇಳಿಕೊಡುವ ಕೆಲಸ ಅವನದು. ಒಳ್ಳೆಯ ಮನುಷ್ಯ, ಕಂಚಿನ ಕಂಠ. ಪಾಠವೆಲ್ಲ ಬಾಯಿಪಾಠ, ಪಾಠದಲ್ಲಿಲ್ಲದ ಪ್ರಶ್ನೆ ಬಂದರೆ ಮಾತ್ರ ಕಕ್ಕಾಬಿಕ್ಕಿ. ಹೊರೆ ಹೊತ್ತು ಸುಸ್ತಾದವರೆಲ್ಲ ತನ್ನ ಹತ್ತಿರ ಬರಲಿ, ತಾನು ಇಳಿಸಿಕೊಳ್ಳುವೆನೆಂದು ಪ್ರಭುವು ಮಾತು ಕೊಟ್ಟಿದ್ದಾನೆಂದು ಅವನು ಸಾರುತ್ತಿದ್ದಾಗ, ಎಲ್ಲರೂ ಕುಳಿತಿದ್ದ ಆ ಸಭೆಯ ಅಂಚಿನಲ್ಲಿ ಮೂಟೆ ಹೊತ್ತೇ ನಿಂತಿದ್ದ ಆರೋಗ್ಯಮ್ಮ ಕೇಳಿದಳು:

"ಇಳಿಸ್ಕೋತೀನಿ ಅಂದೋರು ಎಲ್ಲವ್ರೆ ಉಪದೇಶಪ್ಪ? ಯಾವ ದಾರೀಲಿ?"

"ಎಲ್ಲಾ ಕಡೇನೂ ಅವ್ರೆ ಕಣವ್ವ."

"ಎಲ್ಲಾ ಕಡೆ ಇರೋರ ಹತ್ರ ಹೊರೆ ಇಳಿಸೋದು ಎಂಗೆ? ನಿಂತಿರೋ ಜಾಗ ಹೇಳಿ. ನಾನು ಹೋಗ್ತೀನಿ."

ಯಾರೋ ಕಿಸಕ್ಕನೆ ನಕ್ಕರು. "ಅದು ಈ ಹೊರೆ ವಿಚಾರ ಅಲ್ಲವ್ವ," ಎಂದು ಇನ್ನಾಸಪ್ಪ ತಡವರಿಸಿದನು.

"ನಾನೂ ಈ ಹೊರೆ ವಿಚಾರ ಕೇಳ್ತಿಲ್ಲ," ಎಂದಳು ಅವಳು. "ನನ್ನ ಮಗಳದ್ದು ಒಂದು ಹೊರೆ ಅದೆ. ಅದ್ನ ಇಳಿಸ್ಕೊಂಡ್ರಾ, ಇಲ್ವಾ? ಅಷ್ಟು ಕೇಳ್ಬೇಕು."

ನಗುತ್ತಿದ್ದವರು ನೆಲ ನೋಡಿದರು. ಗುಡಿಸಲಿನಂಥದೊಂದು ಪ್ರಾರ್ಥನಾಮಂದಿರ ಕಟ್ಟಬೇಕೆಂಬ ಆಸೆಯಿಂದ ಉಪದೇಶಿಯು ಮೂರು ದಿನಗಳ ಹಿಂದೆಯಷ್ಟೇ ಎರಡು ಹಸಿ ಮರದ ಗಳುಗಳನ್ನು ಕತ್ತಾಳೆ ನಾರಿನಿಂದ ಶಿಲುಬೆಯಾಗಿ ಅಡ್ಡ ಕಟ್ಟಿ, ಗುರುತಿಗಾಗಿ ಈ ದಿಣ್ಣೆಯ ನೆತ್ತಿಯಲ್ಲಿ ನೆಟ್ಟು ಬಂದಿದ್ದನು. ಆರೋಗ್ಯಮ್ಮನ ಕಣ್ಣುಗಳಿಂದ ತಪ್ಪಿಸಿಕೊಂಡರೆ ಸಾಕೆಂದು, ಅತ್ತ ಕೈಮಾಡಿದನು. "ಅಗೋ, ಆ ದಿಣ್ಣೆ ಮ್ಯಾಲೆ ಅವ್ರೆ. ಹೋಗಿ ಕೇಳವ್ವ."

ಕೇಳಿದವಳು ನಂಬಿದಳು. ನೆತ್ತಿ ಸುಡುವ ಮಧ್ಯಾಹ್ನದಲ್ಲಿ, ದಾರಿಯೇ ಇಲ್ಲದ ಈ ಇಳಿಜಾರಿನಲ್ಲಿ, ಕಾರೆಮುಳ್ಳು ಕಾಲಿಗೆ ಗೀರುತ್ತಿದ್ದರೂ ಲೆಕ್ಕಿಸದೆ, ಕೇಳಬೇಕಾದ ಒಂದೇ ಮಾತನ್ನು ಬಾಯೊಳಗೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಾ ಏರಿ ಬಂದಳು. ಮೇಲೆ ಯಾರೂ ಇರಲಿಲ್ಲ. ಹೊರೆಗಲ್ಲೂ ಇರಲಿಲ್ಲ. ಸಿಪ್ಪೆ ಸುಲಿಯದ ಎರಡು ಗಳುಗಳು ನಿಂತಿದ್ದವು, ಅಷ್ಟೇ. ತನ್ನನ್ನು ಆಟ ಆಡಿಸಿದರೆಂದು ಅವಳಿಗೆ ಅರ್ಥವಾಯಿತು. ಹಿಂದಿರುಗಲು ಕಾಲು ಬರಲಿಲ್ಲ; ಕತ್ತು ಸೋತು, ಕಣ್ಣು ಕತ್ತಲಿಟ್ಟು, ಇನ್ನೇನು ಬಿದ್ದೇನೆಂದು ತಲೆಯೆತ್ತಿದಾಗ ಅಡ್ಡ ಕಟ್ಟಿದ ಗಳು ತನ್ನ ನೆತ್ತಿಯ ಮಟ್ಟಕ್ಕೆ ಸರಿಯಾಗಿರುವುದನ್ನು ಕಂಡಳು. ಶಿಲುಬೆಯನ್ನು ಅವಳು ಹುಟ್ಟಿದಂದಿನಿಂದ ನೋಡಿದ್ದಳು, ಎದೆಯ ಮೇಲೆ ದಿನಕ್ಕೆರಡು ಬಾರಿ ಗುರುತು ಮಾಡಿಕೊಂಡಿದ್ದಳು. ಆದರೆ ಅದು ಇನ್ನೊಬ್ಬರ ಹೊರೆ ಇಳಿಸಿಕೊಳ್ಳಲು ಎರಡೂ ಕೈ ಚಾಚಿ ನಿಂತವನ ಭಂಗಿಯೆಂಬುದು ಹೊರೆ ಹೊತ್ತವಳಾದ ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಆಗ ಈ ದಿಣ್ಣೆಯ ಗಾಳಿ ನಿಂತು, ಅತ್ಯಂತ ಸಮೀಪದಿಂದ, ಮನೆಯವರು ಮಾತನಾಡುವಷ್ಟೇ ಮೆಲುದನಿಯಲ್ಲಿ ದಿವ್ಯವಾಣಿಯೊಂದು ಕೇಳಿಬಂದಿತು:

"ಮಗಳೇ, ನಿನ್ನ ಮದಲೇನಿಯ ಹೊರೆಯನ್ನು ಅಂದೇ ನನ್ನ ಕೈಯಾರೆ ಇಳಿಸಿಕೊಂಡೆನು. ಕೂಸು ನನ್ನ ತೋಳಿನಲ್ಲಿದೆ, ತಾಯಿ ನನ್ನ ಪಕ್ಕದಲ್ಲಿದ್ದಾಳೆ. ಏಳು ತಿಂಗಳಿಂದ ನೀನು ಹೊತ್ತು ತಿರುಗುತ್ತಿರುವುದು ಬರಿಯ ಉಪ್ಪು. ಇಳಿಸು."

ಆರೋಗ್ಯಮ್ಮ ಮೂಟೆಯನ್ನು ಆ ಅಡ್ಡಗಳುವಿನ ಮೇಲಕ್ಕೆ ಜಾರಿಸಿದಳು. ಗಳು ಬಾಗಲಿಲ್ಲ, ನಾರು ಸಡಿಲಲಿಲ್ಲ.

ಇತ್ತ ಇನ್ನಾಸಪ್ಪನು ಬೋಧನೆಯನ್ನು ಅಲ್ಲಿಗೇ ನಿಲ್ಲಿಸಿದನು. ಮಗಳನ್ನು ಕಳೆದುಕೊಂಡವಳನ್ನು ಸುಳ್ಳು ಹೇಳಿ ಬಿಸಿಲಿಗೆ ಅಟ್ಟಿದೆನಲ್ಲ ಎಂಬ ನಾಚಿಕೆಯಿಂದ, ಒಂದು ಚೊಂಬು ನೀರು ಹಿಡಿದು ಓಡೋಡಿ ದಿಣ್ಣೆಯೇರಿದನು. ಕಂಡದ್ದು ಇದು: ಕಾಗೆ ಕೂತರೂ ತಿರುಗುತ್ತಿದ್ದ ತನ್ನ ಕೈಗಂಟಿನ ಅಡ್ಡಗಳುವಿನ ಮೇಲೆ ಎರಡಾಳು ಎತ್ತುವ ಉಪ್ಪಿನ ಮೂಟೆ ಅಲುಗದೆ ಕೂತಿದೆ. ಅದರ ನೆರಳಿನಲ್ಲಿ ಆರೋಗ್ಯಮ್ಮ ಕಾಲು ಚಾಚಿ ಕುಳಿತು ಅಳುತ್ತಿದ್ದಾಳೆ. ಏಳು ತಿಂಗಳಿಂದ ಸಿಂಬಿಯಾಗಿದ್ದ ಸೀರೆಯನ್ನು ಬಿಚ್ಚಿ ಹರಡಿಕೊಂಡು, ಅದರ ಸೆರಗಿನಿಂದಲೇ ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

"ತಪ್ಪಾಯ್ತು ಕಣವ್ವ," ಎಂದು ಅವನು ಅವಳ ಮುಂದೆ ಕುಸಿದನು. "ಬಾಯಿಗೆ ಬಂದದ್ದು ಹೇಳ್ಬುಟ್ಟೆ. ನಂಗೇನೂ ಗೊತ್ತಿರ್ಲಿಲ್ಲ."

ಅವಳು ಚೊಂಬು ಇಸಿದುಕೊಂಡು ಗಟಗಟನೆ ಕುಡಿದಳು. "ಗೊತ್ತಿಲ್ದೆ ಇದ್ರೂ ದಾರಿ ಸರಿಯಾಗೇ ತೋರಿಸಿದ್ರಿ ಬುಡಿ," ಎಂದಳು. ಆಮೇಲೆ ತನಗೆ ತಾನೇ ಎಂಬಂತೆ, "ಅವಳು ನನ್ನ ನಡಿಗೆ ಅಣಕಿಸ್ತಿದ್ಲು, ಸೊಂಟದ ಮ್ಯಾಲೆ ಕೈ ಇಟ್ಕೊಂಡು," ಎಂದು ನಕ್ಕಳು. ಮಗಳ ಮುಖ ಅವಳಿಗೆ ಮರಳಿ ಸಿಕ್ಕಿತ್ತು.

ದುಃಖ ಅಂದಿಗೇ ಮುಗಿಯಿತೆಂದು ಬರೆದರೆ ಸುಳ್ಳಾದೀತು. ವಾಲಿದ ಕತ್ತು ಕೊನೆಯವರೆಗೂ ವಾಲಿಕೊಂಡೇ ಇತ್ತು, ಮದಲೇನಿಯ ಹೆಸರೆತ್ತಿದರೆ ಕಣ್ಣು ತುಂಬುತ್ತಿತ್ತು. ಆದರೆ ಭಯ ಹೋಯಿತು, ವ್ರತದ ಸಂಕೋಲೆ ಕಳಚಿತು. ಮಗಳಿಗಾಗಿ ಅಳುವುದಕ್ಕೂ ಮಗಳನ್ನು ನೆನೆದು ನಗುವುದಕ್ಕೂ ಅವಳು ಸ್ವತಂತ್ರಳಾದಳು. ಈ ದಿಣ್ಣೆಯಲ್ಲಿಯೇ ಗುಡಿಸಲು ಹಾಕಿಕೊಂಡು, ಕೆಳಗೆ ಹಾದುಹೋಗುವ ಹೊರೆಯಾಳುಗಳನ್ನು ಕೂಗಿ ಕರೆದು, ಯಾವ ಜಾತಿ ಯಾವ ಊರೆಂದು ಕೇಳದೆ, ತನ್ನ ಎರಡೂ ಕೈಗಳಿಂದ ಅವರ ಹೊರೆ ಇಳಿಸಿಕೊಂಡು ನೀರು ಕೊಡುತ್ತಾ ಇಪ್ಪತ್ತೆರಡು ವರ್ಷ ಬಾಳಿದಳು. ಬಂಜರು ದಿಣ್ಣೆಗೆ ಇಳಿಹೊರೆ ದಿಣ್ಣೆಯೆಂಬ ಹೆಸರು ಬಂದದ್ದು ಹೀಗೆ.

ಇಂದು ನೆತ್ತಿಯ ಮೇಲೆ ಕಾಣುವುದು ಕಲ್ಲಿನ ಶಿಲುಬೆ. ಮರವೇ ಕಲ್ಲಾಯಿತೆನ್ನುವವರಿದ್ದಾರೆ, ಮರ ಶಿಥಿಲವಾದಾಗ ಇನ್ನಾಸಪ್ಪನೇ ಕಲ್ಲುಕುಟಿಗರಿಂದ ಅದೇ ಅಳತೆಗೆ ಕಡೆಸಿದನೆನ್ನುವವರೂ ಇದ್ದಾರೆ. ಎರಡನೆಯದೇ ನಿಜವೆಂದು ನನಗೆ ತೋರುತ್ತದೆ, ಅದರಿಂದ ಮಹಿಮೆಗೇನೂ ಕುಂದಿಲ್ಲ. ಆದರೆ ಅದರ ಬಲತೋಳಿನ ಮೇಲೆ ಬೆಳ್ಳಗೆ ಮೂಡುವ ಉಪ್ಪಿನ ಗೆರೆಯನ್ನು ಯಾವ ಮಳೆಯೂ ಅಳಿಸಿಲ್ಲ; ತೊಳೆದುಹೋದರೆ, ಕಲ್ಲು ಒಣಗಿದೊಡನೆ ಮರಳಿ ಮೂಡುತ್ತದೆ. ಯಾತ್ರಿಕರು ಬೆರಳಿನಿಂದ ಮುಟ್ಟಿ ನಾಲಗೆಗೆ ಹಚ್ಚಿಕೊಳ್ಳುತ್ತಾರೆ.

ಪ್ರತಿವರ್ಷ, ಪ್ರಭುವು ಸಾವಿನಿಂದ ಎದ್ದುಬಂದ ಪಾಸ್ಕ ಹಬ್ಬದ ನಂತರದ ಶುಕ್ರವಾರ, ಆ ವರ್ಷ ತಮ್ಮವರನ್ನು ಕಳೆದುಕೊಂಡವರು ಒಂದು ಸಣ್ಣ ಗಂಟು ಉಪ್ಪನ್ನು, ಅಗಲಿದವರ ಬಟ್ಟೆಯ ಸಿಂಬಿಯ ಮೇಲಿಟ್ಟುಕೊಂಡು, ದಿಣ್ಣೆಯೇರಿ ಬರುತ್ತಾರೆ. ತಮ್ಮ ಗಂಟನ್ನು ತಾವೇ ಇಳಿಸುವಂತಿಲ್ಲ, ಮನೆಯವರೂ ಇಳಿಸುವಂತಿಲ್ಲ. ಹಿಂದೆಂದೂ ಕಾಣದವರು ಯಾರಾದರೂ ಮುಂದೆ ಬಂದು ಎರಡೂ ಕೈ ಚಾಚಬೇಕು. ಹೊತ್ತವರು ಸತ್ತವರ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳುತ್ತಾರೆ. ಇಳಿಸಿಕೊಳ್ಳುವವರು ಆರೋಗ್ಯಮ್ಮನಿಂದ ಬಂದ ಮಾತನ್ನೇ ಅವಳ ಆಡುನುಡಿಯಲ್ಲಿ ಇಂದಿಗೂ ಹೇಳುತ್ತಾರೆ:

"ಅವರ್ದು ಆಗ್ಲೇ ಇಳಿಸಾಯ್ತು. ಇದು ಬರೀ ಉಪ್ಪು. ಕೊಡು ಇತ್ಲಾಗೆ."