ಗೆದ್ದಲು ಕೇಳಿದ ಬಣ್ಣ

ನೆಲ ಆಗಷ್ಟೇ ಆರಿ ಗಟ್ಟಿಯಾಗಿತ್ತು. ಗುಡ್ಡಗಳು ಮಾತಾಡುತ್ತಿದ್ದವು, ಗಾಳಿ ನಿಂತು ಕೇಳುತ್ತಿತ್ತು. ಆ ಕಾಲಕ್ಕೆ ಗೆದ್ದಲಿಗೆ ಹುತ್ತವಿರಲಿಲ್ಲ. ಅದು ನೆಲದೊಳಗೇ ಹುಟ್ಟಿ, ನೆಲದೊಳಗೇ ಮನೆ ಮಾಡಿ, ನೆಲದೊಳಗೇ ಇರುತ್ತಿತ್ತು.

ಒಂದು ದೊಡ್ಡ ಗುಡ್ಡದ ಬುಡದಲ್ಲಿ ಹುಲಿಗೆವ್ವ ಎಂಬ ಹೆಂಗಸು ಕುಲುಮೆ ಹೂಡಿದ್ದಳು. ಕಲ್ಲು ಕರಗಿಸಿ ಕಬ್ಬಿಣ ತೆಗೆಯುವ ವಿದ್ಯೆ ತೀರಿಹೋದ ಅವಳ ಅವ್ವನಿಂದ ಬಂದದ್ದು. ಈಗ ಆ ಸೀಮೆಗೆಲ್ಲ ಅವಳೊಬ್ಬಳಿಗೇ ಗೊತ್ತು. ಗೊತ್ತಿಲ್ಲದ್ದು ಒಂದೇ, ಆ ಕಲ್ಲು ಎಲ್ಲಿದೆ ಎಂಬುದು. ಗುಡ್ಡದ ಮೈತುಂಬ ಹುಲ್ಲು. ಎಲ್ಲಿ ಮಿಣಮಿಣ ಹೊಳೆಯಿತೋ ಅಲ್ಲಿ ಅಗೆದಳು. ಸಿಕ್ಕಿದ್ದು ಬರೀ ಕಾಗೆಬಂಗಾರ, ಉಗುರಿನಲ್ಲಿ ಕೆರೆದರೆ ಪದರಪದರವಾಗಿ ಏಳುವ ಕಲ್ಲು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾಳಿ ಕಿವಿಯಲ್ಲಿ ಹೇಳಿತು. ಹುಲಿಗೆವ್ವ ಕೇಳುವವಳೇ? ಇನ್ನೊಂದು ಕಡೆ ಅಗೆದಳು. ಮತ್ತೊಂದು ಕಡೆ ಅಗೆದಳು.

ಗುಡ್ಡಕ್ಕೆ ಸಿಟ್ಟು ಬಂತು. ಬಂದದ್ದು ಸರಿಯೇ, ಸುಮ್ಮಸುಮ್ಮನೆ ಮೈಯೆಲ್ಲ ತೂತು ಮಾಡಿದರೆ ಯಾರು ತಾಳಿಯಾರು?

"ಇನ್ನೊಂದಽ ಗುಂಡಿ, ಹುಲಿಗೆವ್ವ," ಎಂದಿತು. "ಅದರಾಗ ಸಿಕ್ಕರ ಇಲ್ಲೇ ಬಾಳ್ವೆ ಮಾಡು. ಸಿಗಲಿಲ್ಲಂದ್ರ ಕುಲುಮೆ ಕಿತ್ತುಕೊಂಡು ನಡಿ."

ಹುಲಿಗೆವ್ವ ಅಗೆಗೋಲು ಕೆಳಗಿಟ್ಟಳು. ಒಂದೇ ಗುಂಡಿ. ಎಲ್ಲಿ ಅಗೆಯುವುದು? ಗಾಳಿಯನ್ನು ಕೇಳಿದಳು, ಮೇಲೆ ಓಡಾಡುವ ನನಗೆ ಒಳಗಿನದು ಏನು ಗೊತ್ತು ಎಂದಿತು. ಹಳ್ಳವನ್ನು ಕೇಳಿದಳು, ಅಂಚಿನಲ್ಲಿ ಹರಿಯುವ ನನಗೆ ನಡುವಿನದು ಏನು ಗೊತ್ತು ಎಂದಿತು.

ತಲೆಯ ಮೇಲೆ ಕೈಹೊತ್ತು ಕೂತಳು. ಆಗ ಕಾಲಬೆರಳಿನ ಹತ್ತಿರ ಮಣ್ಣು ಅಲುಗಿ, ಒಂದು ಗೆದ್ದಲು ತಲೆ ಹೊರಹಾಕಿತು. ಬಾಯಲ್ಲಿ ಸಾಸಿವೆಯಷ್ಟು ಮಣ್ಣು.

"ಯವ್ವಾ, ನನಗ ಕಣ್ಣಿಲ್ಲ. ಮಣ್ಣಿಗೆ ಬಣ್ಣ ಐತಂತ, ಖರೇನಾ? ಇದು ಯಾವ ಬಣ್ಣ?"

ಹುಲಿಗೆವ್ವನಿಗೆ ತನ್ನ ಚಿಂತೆಯೇ ಹಾಸಿ ಹೊದೆಯುವಷ್ಟಿತ್ತು. ಆದರೂ ಕೇಳಿದವರಿಗೆ ಹೇಳಬೇಕಲ್ಲ. ಬಿಳಿ ಎಂದಳು. ಗೆದ್ದಲು ಇನ್ನಷ್ಟು ಆಳಕ್ಕಿಳಿದು ಮತ್ತೊಂದು ಕಣ ತಂದಿತು. ಬೂದಿ ಎಂದಳು. ಮತ್ತೆ ಇಳಿಯಿತು, ಮತ್ತೆ ತಂದಿತು. ಕೇಳಿ ಮುಗಿದ ಮಣ್ಣನ್ನು ಅಲ್ಲೇ ಗುಡ್ಡೆ ಹಾಕಿತು.

ಮೂರನೆಯ ದಿನ ತಂದ ಕಣ ಹುಲಿಗೆವ್ವನ ಬೆರಳಿಗೆ ಕೆಂಪಗೆ ಅಂಟಿತು. ಉಜ್ಜಿದರೂ ಹೋಗಲಿಲ್ಲ. ಅವಳ ಅವ್ವನ ಅಂಗೈಯಲ್ಲಿ ಸಾಯುವವರೆಗೂ ಇದ್ದದ್ದು ಇದೇ ಕೆಂಪು. ಎಲ್ಲಿಂದ ತಂದೆ ಎಂದು ಕೇಳಿದಳು. ನಮ್ಮ ಮನೆಯ ಕೆಳಗಿನಿಂದ ಎಂದಿತು ಗೆದ್ದಲು.

ನೆಟ್ಟಗೆ ಅಗೆದರೆ ಗೆದ್ದಲಿನ ಮನೆ ಹಾಳು. ಹುಲಿಗೆವ್ವ ಹತ್ತು ಮಾರು ದೂರ ಸರಿದು ಓರೆಯಾಗಿ ಅಗೆದಳು. ಕೆಲಸ ಎರಡರಷ್ಟಾಯಿತು. ಐದನೆಯ ದಿನ ಅಗೆಗೋಲು ಖಟ್ ಎಂದಿತು. ಗುಂಡಿಯ ತಳದಲ್ಲಿ ಕಬ್ಬಿಣದ ಕಲ್ಲು ಕೆಂಪಗೆ ಮಲಗಿತ್ತು. ಗುಡ್ಡ ಕೊಟ್ಟ ಮಾತಿಗೆ ತಪ್ಪಲಿಲ್ಲ, ಇರು ಎಂದಿತು.

ಕುಲುಮೆ ಹೊತ್ತಿತು. ಗೆದ್ದಲು ಬಂದು, ಕೆಂಪು ಅಂದರೆ ಹೇಗಿರುತ್ತದೆ ಎಂದು ಕೇಳಿತು. ಹುಲಿಗೆವ್ವ ಅದನ್ನು ಅಂಗೈಯಲ್ಲಿಟ್ಟು ಅದರ ಮುಖವನ್ನು ಕುಲುಮೆಯತ್ತ ಹಿಡಿದಳು.

"ಮಾರಿಗೆ ಬೆಚ್ಚಗಾತಲ್ಲ? ಅದಽ ಕೆಂಪು."

ಬಿಳಿಗೆ ತಣ್ಣನೆಯ ಮಜ್ಜಿಗೆಯ ಹನಿ ಮುಟ್ಟಿಸಿದಳು. ಗೆದ್ದಲಿಗೆ ಹಿಡಿಸಲಾರದ ಸಂತೋಷ.

"ಹಂಗಾರ ಹಳದಿ ಹೆಂಗಿರತೈತಿ ಯವ್ವಾ?"

ಹಳದಿಗೆ ಏನು ಮುಟ್ಟಿಸುವುದೆಂದು ಹುಲಿಗೆವ್ವ ಸುತ್ತಲೂ ಹುಡುಕಿದಳು. ಇನ್ನಷ್ಟು ಮಣ್ಣು ತಾ, ಯೋಚಿಸಿ ಹೇಳುತ್ತೇನೆ ಎಂದಳು. ಯೋಚಿಸಿದಳು, ಹೊಳೆಯಲೇ ಇಲ್ಲ. ಅದೊಂದು ಕೊರಗು ಅವಳಿಗೆ ಕೊನೆಯವರೆಗೂ ಉಳಿಯಿತು.

ಗೆದ್ದಲಿನ ಮಕ್ಕಳು ಮೊಮ್ಮಕ್ಕಳು ಇಂದಿಗೂ ಆಳದ ಮಣ್ಣನ್ನು ಕಣಕಣವಾಗಿ ಮೇಲೆ ತಂದು ಹುತ್ತ ಕಟ್ಟುತ್ತಿರುವುದು ಅದಕ್ಕೇ. ನೆಲದೊಳಗೆ ಏನಿದೆಯೆಂದು ಹುಡುಕುವವರು ಹುತ್ತದ ಮಣ್ಣನ್ನು ಬೊಗಸೆಯಲ್ಲಿ ಹಿಡಿದು ನೋಡುವುದೂ ಅದಕ್ಕೇ. ಮಗೂ, ದಾರಿಬದಿಯಲ್ಲಿ ನಿನಗೊಂದು ಹಳದಿ ಹುತ್ತ ಕಂಡರೆ, ಅದು ಇನ್ನೂ ಉತ್ತರ ಸಿಗದ ಆ ಪ್ರಶ್ನೆ. ಗೊತ್ತಿದ್ದರೆ ಹೇಳಿ ಹೋಗು.