ಐದು ಬೀಗದ ತೂಬು

"ಗುರುಗಳೇ, ಅರಸರೆಲ್ಲ ಕೂಡಿ ಕಟ್ಟಿಕೊಂಡ ಸಭೆಯೊಂದಿದೆ. ಅಲ್ಲಿ ನಮ್ಮ ಅರಸರು ಬೇಡವೆಂದರೆ ಯಾವ ಕೆಲಸವೂ ಸಾಗದು. ಈಗ ಸಣ್ಣಪುಟ್ಟ ಅರಸರೂ ತಮಗೆ ಸಮನಾದ ಮಾತು ಬೇಕೆನ್ನುತ್ತಿದ್ದಾರೆ. ಸಭೆಯನ್ನೇ ಮುರಿಯುವುದು ಲೇಸೋ, ಹಿಡಿತ ಬಿಡುವುದು ಲೇಸೋ?" ಎಂದು ಮಂತ್ರಿಯಾಗಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಐದು ಊರುಗಳು ನೀರಿಗಾಗಿ ಬಡಿದಾಡಿ ಸಾಕಾಗಿ, ಕೊನೆಗೆ ಕೂಡಿ ಒಂದು ಕೆರೆ ಕಟ್ಟಿದವು. ಆದರೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಸಾಲದು. ನೀರು ಬಿಡುವ ತೂಬಿನ ಬಾಗಿಲಿಗೆ ಐದು ಬೀಗ ಹಾಕಿ, ಊರ ಗೌಡನಿಗೊಂದರಂತೆ ಬೀಗದಕೈ ಹಂಚಿಕೊಂಡರು. ಐವರೂ ಬಂದರಷ್ಟೇ ನೀರು. ಜಗಳವೇನೋ ನಿಂತಿತು. ಕಾಲ ಕಳೆದಂತೆ ಕೆರೆಯ ಕೆಳಗೆ ಇನ್ನೂ ಆರು ಊರು ಹುಟ್ಟಿದವು. ಅವರೂ ವರ್ಷವರ್ಷ ಹೂಳೆತ್ತಿ ಏರಿಗೆ ಹಾಕಿದರು. ಬೀಗದಕೈ ಮಾತ್ರ ಅವರಿಗೆ ಯಾರೂ ಕೊಡಲಿಲ್ಲ.

ಒಂದು ವರ್ಷ, ಭತ್ತ ತೆನೆಗಟ್ಟುವ ಹೊತ್ತಿಗೆ, ಐವರಲ್ಲಿ ಒಬ್ಬ ಗೌಡ ಮುನಿಸಿಕೊಂಡ. ಯಾರದೋ ಮದುವೆಯಲ್ಲಿ ಮೊದಲ ವೀಳ್ಯ ಅವನಿಗೆ ಕೊಟ್ಟಿರಲಿಲ್ಲವಂತೆ! ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತುಬಿಟ್ಟ. ಅವನ ಗದ್ದೆಯೂ ಬಿರುಕು ಬಿಡುತ್ತಿತ್ತು.

ಕೆಳಗಿನ ಊರಿನ ಒಬ್ಬ ರೈತನಿಗೆ ಇದ್ದದ್ದು ಒಂದೇ ಗದ್ದೆ. ಅದು ಹಳದಿಯಾಗುವುದನ್ನು ಅವನಿಂದ ನೋಡಲಾಗಲಿಲ್ಲ. ಏರಿಯನ್ನೇ ಕಡಿದು ನೀರು ಹರಿಸುತ್ತೇನೆಂದು ಗುದ್ದಲಿ ಹಿಡಿದು ಹೊರಟ. ಅವನ ಹಿಂದೆ ಊರೇ ಹೊರಟಿತು.

ನಾಲ್ಕು ಏಟಿಗೆ ಒಂದು ಹೆಂಟೆ ಕಿತ್ತುಬಂತು. ಅದರ ಕೆಳಪದರ ಗೌಡನ ಊರಿನ ಕೆಂಪುಮಣ್ಣು. ಮೇಲಿನದು ಕಪ್ಪು ಹೂಳು, ರೈತನ ಅಪ್ಪ ಬುಟ್ಟಿಯಲ್ಲಿ ಹೊತ್ತದ್ದು. ರೈತನ ಕೈ ನಿಂತಿತು. ಕಡಿದರೆ ಈ ವರ್ಷದ ಬೆಳೆ ಉಳಿದೀತು, ಮುಂದಿನ ವರ್ಷಕ್ಕೆ ಕೆರೆಯೇ ಇರದು. ಹೆಂಟೆ ಹಿಡಿದು ನೇರ ಗೌಡನ ಮನೆಗೆ ನಡೆದ.

"ಗೌಡ್ರೇ, ಕೆಳಗಿನದು ನಿಮ್ಮಜ್ಜ ಹೊತ್ತ ಮಣ್ಣು, ಮೇಲಿನದು ನಮ್ಮಪ್ಪ ಹೊತ್ತದ್ದು. ಏರಿ ಉಳೀಬೇಕೋ, ಬೀಗ ಉಳೀಬೇಕೋ, ನೀವೇ ಹೇಳಿ."

"ಬೀಗ ಹೋದ್ರೆ ನನ್ನನ್ನ ಯಾರು ಕೇಳ್ತಾರಯ್ಯಾ?"

"ಏರಿ ಹೋದ್ರೆ ಯಾರನ್ನ ಯಾರು ಕೇಳ್ತಾರೆ ಗೌಡ್ರೇ?"

ಗೌಡ ಹೆಂಟೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ಸೊಂಟದಿಂದ ಬೀಗದಕೈ ಬಿಚ್ಚಿದ.

ಅಂದೇ ನೀರು ಹರಿಯಿತು. ರೈತ ಅಲ್ಲಿಗೆ ಸುಮ್ಮನಾಗಲಿಲ್ಲ, ಹನ್ನೊಂದು ಊರನ್ನೂ ಏರಿಯ ಮೇಲೆ ಕೂಡಿಸಿದ. ಗೌಡ ಒಪ್ಪಿದ ಮೇಲೆ ಉಳಿದ ನಾಲ್ವರೂ ಒಪ್ಪಿದರು. ಐದು ಬೀಗವನ್ನೂ ಕುಲುಮೆಗೆ ಹಾಕಿ, ಆ ಕಬ್ಬಿಣದಲ್ಲಿ ಬಾಗಿಲೆತ್ತುವ ತೊಲೆಗೆ ಹನ್ನೊಂದು ಹಿಡಿ ಮಾಡಿಸಿದರು. ಆರು ಊರು ಕೈಹಾಕಿದರಷ್ಟೇ ಬಾಗಿಲು ಮೇಲೆ ಬರುವಷ್ಟು ಭಾರ. ಒಬ್ಬನಿಂದ ತೆರೆಯಲೂ ಆಗದು, ತಡೆಯಲೂ ಆಗದು. ಏರಿಯ ಗಾಯಕ್ಕೆ ಊರಿಗೊಂದು ಬುಟ್ಟಿ ಮಣ್ಣು ಸುರಿದು, ವರ್ಷಕ್ಕೊಮ್ಮೆ ಹೀಗೇ ಸುರಿಯುತ್ತೇವೆಂದು ಆಣೆಯಿಟ್ಟರು.

ಮುಂದಿನ ಸರದಿಗೆ ಹನ್ನೊಂದು ಊರೂ ತೊಲೆಗೆ ಕೈಕೊಟ್ಟವು. ನೀರು ಧುಮ್ಮಿಕ್ಕಿತು. ಮುದುಕರೂ ಕೇಕೆ ಹಾಕುತ್ತ ಕಾಲುವೆಗುಂಟ ಓಡಿದರು. ರೈತ ಗದ್ದೆಯ ಬದುವಿನಲ್ಲಿ ನಿಂತಿದ್ದ. ನೀರು ಪಾದ ಮುಟ್ಟಿದಾಗ ಸಂತೋಷ ತಡೆಯಲಾರದೆ ಗಳಗಳನೆ ಅತ್ತುಬಿಟ್ಟ.

ಶಿಷ್ಯ ಕೇಳಿದ: "ಎಲ್ಲ ಸರಿ ಗುರುಗಳೇ. ಅಷ್ಟು ದೊಡ್ಡ ಹಿಡಿತ ಬಿಟ್ಟುಕೊಟ್ಟ ಗೌಡನಿಗೆ ಕೊನೆಗೆ ಸಿಕ್ಕಿದ್ದೇನು?"

"ನೀರಪ್ಪಾ," ಎಂದರು ಗುರುಗಳು.